ಜನಕ್ಕೆ ಅರ್ಥ ಆಗಲ್ವಂತೆ!

ನಿನ್ನೆ ಸಂಜೆ ನಮ್ಮ ಬಡಾವಣೆ ಪಾರ್ಕಿನಲ್ಲಿ ಜಂಕ್ಷನ್ ಬಗ್ಗೆ ಸಭೆ ಇತ್ತು. ಮನೆಗೆ ಬಂದು ಎರಡು ಲೋಟ ಮಜ್ಜಿಗೆ ಕುಡಿದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಇಪ್ಪತ್ತೆರಡು ವರ್ಷ ರಸ್ತೆ ಡಿಸೈನೇ ನನ್ನ ಹೊಟ್ಟೆಪಾಡಾಗಿತ್ತು ಅಂತ ನಿಮಗೆ ಗೊತ್ತಲ್ಲ. ಬಂದಿದ್ದ ಎಂಜಿನಿಯರ್ ಒಳ್ಳೆ ಹುಡುಗ. ಆದರೆ ಪ್ರೊಜೆಕ್ಟರ್ ಹಾಕಿ 'ಕಾನ್‌ಫ್ಲಿಕ್ಟ್ ಪಾಯಿಂಟ್', 'ಟರ್ನಿಂಗ್ ರೇಡಿಯಸ್' ಅಂತ ನಲವತ್ತು ನಿಮಿಷ ಕೊರೆದ. ಮುಂದಿನ ಸಾಲಿನ ಅಜ್ಜ ಗೊರಕೆ ಶುರು ಮಾಡಿದರು. ಯಾರೋ ಏನೋ ಕೇಳಿದರೆ, "ಇದು ಟೆಕ್ನಿಕಲ್ ಸರ್, ಜನಕ್ಕೆ ಅರ್ಥ ಆಗಲ್ಲ" ಅಂದುಬಿಟ್ಟ. ಅಲ್ಲೇ ನನ್ನ ತಲೆ ಕೆಟ್ಟಿದ್ದು.

ಅರ್ಥ ಆಗದೆ ಇರೋಕೆ ಅದೇನು ಬ್ರಹ್ಮವಿದ್ಯೆಯಾ?

ಎದುರು ಮನೆಯಿಂದ ರಂಗೋಲಿ ಪುಡಿ ತರಿಸಿ, ನೆಲದ ಮೇಲೆ ನಾಲ್ಕು ರಸ್ತೆ ಕೂಡುವ ಜಾಗ ಬರೆದೆ. ಗಾಡಿಗಳು ಎಡಕ್ಕೆ, ಬಲಕ್ಕೆ, ನೇರಕ್ಕೆ ಹೋಗುವ ದಾರಿ ಎಳೆದೆ. ಗೆರೆಗಳು ಕತ್ತರಿಸುವ, ಕೂಡುವ, ಕವಲೊಡೆಯುವ ಕಡೆಯೆಲ್ಲ ಒಂದೊಂದು ಹುಣಸೆ ಬೀಜ ಇಡಿ ಅಂದೆ ಮಕ್ಕಳಿಗೆ. ಗಾಡಿಗೆ ಗಾಡಿ ತಾಗಬಹುದಾದ ಜಾಗ ಅವು; ಹುಡುಗನ 'ಕಾನ್‌ಫ್ಲಿಕ್ಟ್ ಪಾಯಿಂಟ್' ಅಂದರೆ ಇಷ್ಟೇ. (ಬೀಜ ನಮ್ಮತ್ತೆಯ ಅಳಗುಳಿ ಮಣೆಯದ್ದು. ಅವರಿಗೆ ಇನ್ನೂ ಹೇಳಿಲ್ಲ.) 32 ಬೀಜ ಕೂತವು. ಮೂರು ರಸ್ತೆ ಕೂಡುವಲ್ಲಿ 9. ನಮ್ಮ ಮೈಸೂರಿನ ಸರ್ಕಲ್‌ಗಳ ಥರ ನಡುವೆ ವೃತ್ತ ಬರೆದು ಗಾಡಿಗಳನ್ನು ಒಂದೇ ಸಾಲಲ್ಲಿ ಸುತ್ತಿಸಿದರೆ ಬರೀ 8. ಇಡೀ ಪಾರ್ಕು ಬಗ್ಗಿ ನೋಡಿತು.

ಆಗ ಏಳನೇ ಕ್ಲಾಸಿನ ಹುಡುಗಿ ಕೇಳಿದಳು: "ಆಂಟಿ, ನಡೆಯೋರ ಬೀಜ ಎಲ್ಲಿ?"

ಇಲ್ಲ ಪುಟ್ಟಾ. ಆ 32ರಲ್ಲಿ ನಡೆಯೋರು ಇಲ್ಲವೇ ಇಲ್ಲ.

ಆಮೇಲೆ ಅಜ್ಜನನ್ನು ಎಬ್ಬಿಸಿದೆವು. ಸಿಗ್ನಲ್ ಲೆಕ್ಕದಲ್ಲಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ. ಅಂದರೆ 12 ಮೀಟರ್ ರಸ್ತೆಗೆ 10 ಸೆಕೆಂಡ್. ಅಜ್ಜನಿಗೆ 17 ಬೇಕಾಯಿತು. ಪಾರ್ಕಿನಲ್ಲಿ, ಹಿಂದೆ ಬಸ್ಸಿಲ್ಲದೆ.

ಹೂವಿನಕ್ಕ ಅಲ್ಲೀವರೆಗೆ ಸುಮ್ನೆ ಮಾಲೆ ಕಟ್ಟುತ್ತಿದ್ದರು. "ಸಾರ್, ಮಳೆ ನಿಂತ ಮೇಲೆ ನಮ್ ಮೂಲೆ ನೋಡಿ. ಗಾಡಿ ತುಳಿಯೋ ಕಡೆ ಟಾರು ಕಾಣುತ್ತೆ. ತುಳಿಯದ ಕಡೆ ಮಣ್ಣು ಕೂತಿರುತ್ತೆ. ಅಷ್ಟೂ ಜಾಗ ಸುಮ್ನೆ ಬಿದ್ದಿದೆ, ನಮಗೆ ಕೊಡಬಾರದಾ?" ಮೂಲೆಯ ದುಂಡು, ಅಂದರೆ ಹುಡುಗನ 'ಟರ್ನಿಂಗ್ ರೇಡಿಯಸ್', ದೊಡ್ಡದಾದಷ್ಟೂ ಬಸ್ಸು ಜೋರಾಗಿ ತಿರುಗುತ್ತದೆ, ದಾಟೋರು ನಡೆಯಬೇಕಾದ ದೂರವೂ ಜಾಸ್ತಿ. ಎಂಜಿನಿಯರ್‌ನ ಆರು ಸ್ಲೈಡಿನ ಮಾತು ಆಯಮ್ಮನ ಬಾಯಲ್ಲಿ ಅರ್ಧ ನಿಮಿಷಕ್ಕೆ ಮುಗಿಯಿತು.

"ಜನರನ್ನು ಕೇಳಿದರೆ ಹಂಪ್ ಹಾಕಿ ಅಂತಾರೆ, ಅದೂ ಪಕ್ಕದ ಮನೆ ಮುಂದೆ" ಅಂತ ನನ್ನ ಹಳೆಯ ಸಹೋದ್ಯೋಗಿಗಳು ಕಾಮೆಂಟ್ ಹಾಕುತ್ತಾರೆ, ಗೊತ್ತು. ಕೇಳ್ತಾರೆ, ನಿಜ. ಬೋರ್ಡಿನಲ್ಲಿ ಇಡ್ಲಿ ಒಂದೇ ಬರೆದು, ಗಿರಾಕಿ ಬರೀ ಇಡ್ಲಿ ಕೇಳ್ತಾನೆ ಅಂದರೆ ಹೇಗೆ ಸ್ವಾಮಿ?

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ ಅಲ್ಲ. ವರ್ಷಗಳ ಹಿಂದೆ ಒಂದು ಊರಿನ ಸಭೆಯಲ್ಲಿ ದನ ಕಾಯುವ ಅಜ್ಜ ಎದ್ದು, "ಸಂಜೆ ಪಡುವಣಕ್ಕೆ ಹೋಗೋ ಡ್ರೈವರ್‌ಗೆ ಕಣ್ಣಿಗೆ ಬಿಸಿಲು ಹೊಡೆಯುತ್ತೆ ತಾಯಿ, ದಾಟೋರು ಕಾಣಲ್ಲ" ಅಂದಿದ್ದರು. "ಡ್ರಾಯಿಂಗ್ ಫೈನಲ್ ಆಗಿದೆ, ಕೂತ್ಕೊಳ್ಳಿ ಅಜ್ಜ" ಅಂದಿದ್ದೆ. ನನ್ನ ಡ್ರಾಯಿಂಗಿನಲ್ಲಿ ಸೂರ್ಯ ಇರಲಿಲ್ಲ. ಆ ಊರು ದಾಟುವಾಗ ಈಗಲೂ ಕಾರಿನ ಕಿಟಕಿ ಏರಿಸಿಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ಹಾಲಿಗೆ ಹೋದಾಗ ನೋಡಿದೆ. ಎಂಜಿನಿಯರ್ ಹುಡುಗ ಟೇಪು ಹಿಡಿದು ಆ ಮಣ್ಣಿನ ಮೂಲೆ ಅಳೆಯುತ್ತಿದ್ದ. ಹೂವಿನಕ್ಕ ಬುಟ್ಟಿ ಪಕ್ಕಕ್ಕಿಟ್ಟು, "ಇನ್ನೂ ಸ್ವಲ್ಪ ಆಚೆಗೆ, ಆಚೆಗೆ" ಅನ್ನುತ್ತಿದ್ದರು. ಖುಷಿಯಾಯಿತು, ಸುಳ್ಳು ಹೇಳಲ್ಲ.

ಹೆಲ್ಮೆಟ್ ಮಾತ್ರ ಬೈಕಿನ ಕನ್ನಡಿಗೆ ನೇತುಹಾಕಿದ್ದ. ಅದಕ್ಕೆ ನಾಳೆ ಬೈತೀನಿ.