ವಜ್ರದ ರಿಪೋರ್ಟಿನಲ್ಲಿ ಯಾರೂ ಓದದ ಸಾಲು

ವಜ್ರದ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರೂ ಮೊದಲು ನೋಡುವುದು ಗ್ರೇಡ್, ಅಂದರೆ ಹರಳು ಎಷ್ಟು ಸ್ವಚ್ಛವಾಗಿದೆ ಅನ್ನುವ ದರ್ಜೆ. ಆಮೇಲೆ ಕಣ್ಣು ಹೋಗುವುದು ನಕ್ಷೆಗೆ. ಅಲ್ಲಿ ಕೆಂಪು ಗುರುತು ಜಾಸ್ತಿ ಇದ್ದರೆ ಮುಖ ಸಪ್ಪಗಾಗುತ್ತದೆ, ಖಾಲಿ ಇದ್ದರೆ ಸಮಾಧಾನ. ಕೆಳಗೆ 'ಕಾಮೆಂಟ್ಸ್' ಅಂತ ಸಣ್ಣ ಅಕ್ಷರದಲ್ಲಿ ಒಂದೆರಡು ಸಾಲು ಇರುತ್ತದಲ್ಲ, ಅದನ್ನು ಓದುವವರು ಕಡಿಮೆ. ನನ್ನ ಪ್ರಕಾರ ನಕ್ಷೆಗಿಂತ ಮುಂಚೆ ಓದಬೇಕಾದ್ದು ಅದನ್ನೇ.

ನಕ್ಷೆ ಅಂದರೆ ಫೋಟೋ ಅಲ್ಲ. ಹರಳನ್ನು 10 ಪಟ್ಟು ದೊಡ್ಡದಾಗಿ ನೋಡಿ, ಕಂಡದ್ದನ್ನು ಗುರುತುಗಳಲ್ಲಿ ಬರೆದಿಟ್ಟ ಚಿತ್ರ ಅಷ್ಟೇ. ವಜ್ರ ಪರೀಕ್ಷಿಸಿ ಗ್ರೇಡ್ ಕೊಡುವ ಜಿಐಎ ಸಂಸ್ಥೆಯ ರಿಪೋರ್ಟಿನಲ್ಲಿ ಒಳಗಿನ ಕುರುಹುಗಳಿಗೆ ಕೆಂಪು, ಮೇಲ್ಮೈಯವಕ್ಕೆ ಹಸಿರು, ಹೆಚ್ಚುವರಿ ಫೇಸೆಟ್ಟಿಗೆ (ಪಾಲಿಶ್ ಮಾಡಿದ ಚಪ್ಪಟೆ ಮುಖಕ್ಕೆ) ಕಪ್ಪು ಬಣ್ಣ. ಚಿತ್ರದಲ್ಲಿ ಎದ್ದು ಕಾಣುವ ಕೆಂಪು ಚುಕ್ಕೆ ನಿಜವಾದ ಹರಳಿನಲ್ಲಿ ಎಷ್ಟು ಸಣ್ಣದಿರುತ್ತದೆ ಅಂದರೆ, ವಿವಿಎಸ್ ಅನ್ನುವ ಮೇಲಿನ ಗ್ರೇಡಿನ ಹರಳಾದರೆ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಹುಡುಕಿದರೂ ಅನುಭವ ಇಲ್ಲದವರಿಗೆ ಸಿಗುವುದಿಲ್ಲ. ಸಿಕ್ಕಿತು ಅಂತ ಖುಷಿಪಡುವ ಮುಂಚೆ ಹರಳನ್ನು ಬಟ್ಟೆಯಿಂದ ಒರೆಸಿ ನೋಡಿ. ಎಷ್ಟೋ ಸಲ ಅದು ಬರೀ ಧೂಳು!

ಗುರುತುಗಳನ್ನೆಲ್ಲ 'ದೋಷ' ಅಂತ ಒಂದೇ ಬುಟ್ಟಿಗೆ ಹಾಕುವುದೂ ಸರಿಯಲ್ಲ. 'ನ್ಯಾಚುರಲ್' ಅನ್ನುವುದನ್ನೇ ತೆಗೆದುಕೊಳ್ಳಿ. ಅದು ಕಚ್ಚಾ ಹರಳಿನ ಮೂಲ ಮೈ. ಕತ್ತರಿಸುವವನು ತೂಕ ಉಳಿಸಲು ಗರ್ಡಲ್ (ಹರಳಿನ ನಡುವಿನ ಸುತ್ತಂಚು) ಅಂಚಿನವರೆಗೂ ಹರಳನ್ನು ಬಳಸಿಕೊಂಡಾಗ, ಅದರ ಒಂದು ಚೂರು ಪಾಲಿಶ್ ಕಾಣದೆ ಹಾಗೇ ಉಳಿದುಬಿಡುತ್ತದೆ. ಲೂಪಿನಲ್ಲಿ ಗರ್ಡಲ್ ಉದ್ದಕ್ಕೂ ನಿಧಾನಕ್ಕೆ ತಿರುಗಿಸಿದರೆ, ಒಂದು ಕಡೆ ಹೊಳಪು ಬೇರೆ ಥರ ಇರುತ್ತದೆ. ಕೆಲವೊಮ್ಮೆ ಅದರ ಮೇಲೆ ಪುಟ್ಟ ಪುಟ್ಟ ತ್ರಿಕೋನಗಳೂ ಕಾಣುತ್ತವೆ. ವಜ್ರ ಭೂಮಿಯೊಳಗೆ ಇದ್ದ ಕಾಲದ ಗುರುತು ಅದು. ನನಗಂತೂ ಹಾಗೆ ಕಂಡರೆ ಬೇಜಾರಾಗುವುದಿಲ್ಲ, ಇಷ್ಟವೇ ಆಗುತ್ತದೆ. ನ್ಯಾಚುರಲ್ ಗರ್ಡಲ್ ಒಳಗೇ ಇದ್ದು, ಅದನ್ನು ದಪ್ಪ ಮಾಡದೆ, ಹರಳಿನ ಆಕಾರವನ್ನೂ ಕೆಡಿಸದೆ ಇದ್ದರೆ ಫ್ಲಾಲೆಸ್ ಅನ್ನುವ ಎಲ್ಲಕ್ಕಿಂತ ಮೇಲಿನ ಗ್ರೇಡಿಗೂ ಅಡ್ಡಿಯಾಗುವುದಿಲ್ಲ.

ಈಗ ಕಾಮೆಂಟ್ಸ್ ಸಾಲಿಗೆ ಬರೋಣ. 'ಹೆಚ್ಚುವರಿ ಪಿನ್‌ಪಾಯಿಂಟ್‌ಗಳನ್ನು ತೋರಿಸಿಲ್ಲ', 'ಹೆಚ್ಚುವರಿ ಕ್ಲೌಡ್‌ಗಳನ್ನು ತೋರಿಸಿಲ್ಲ', 'ಪಾಲಿಶ್‌ನ ಸಣ್ಣಪುಟ್ಟ ವಿವರ ತೋರಿಸಿಲ್ಲ' – ಇಂಥ ಮಾತುಗಳು ಇರುತ್ತವೆ. ಪಿನ್‌ಪಾಯಿಂಟ್ ಅಂದರೆ ಹರಳಿನೊಳಗಿನ ತೀರಾ ಸಣ್ಣ ಚುಕ್ಕೆ, ಕ್ಲೌಡ್ ಅಂದರೆ ಅಂಥ ಚುಕ್ಕೆಗಳ ಗುಂಪು. ಓದಿದವರಿಗೆ ಏನೋ ಮುಚ್ಚಿಟ್ಟಿದ್ದಾರೆ ಅನ್ನುವ ಅನುಮಾನ ಬರುತ್ತದೆ. ಹಾಗೇನಿಲ್ಲ. ಎಲ್ಲವನ್ನೂ ಬರೆದರೆ ನಕ್ಷೆ ಓದಲು ಆಗುವುದಿಲ್ಲ, ಅದಕ್ಕೇ ಬಿಟ್ಟಿದ್ದಾರೆ. ಗ್ರೇಡ್ ಕೊಡುವಾಗ ಅವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ವಿವಿಎಸ್ ಅಥವಾ ಅದರ ಕೆಳಗಿನ ವಿಎಸ್ ಹರಳಿನಲ್ಲಿ ಈ ಸಾಲು ಕಂಡರೆ ಓದಿ ಮುಂದೆ ಹೋಗಿ.

ಎಸ್‌ಐ2 ಹರಳಿನ ವಿಷಯ ಬೇರೆ. ಅದು ವಿಎಸ್‌ಗಿಂತಲೂ ಕೆಳಗಿನ ಗ್ರೇಡ್. ನಕ್ಷೆ ಹೆಚ್ಚುಕಮ್ಮಿ ಖಾಲಿ, ಆದರೆ ಕೆಳಗೆ 'ನಕ್ಷೆಯಲ್ಲಿ ತೋರಿಸದ ಕ್ಲೌಡ್‌ಗಳ ಆಧಾರದ ಮೇಲೆ ಈ ಗ್ರೇಡ್ ಕೊಡಲಾಗಿದೆ' ಅಂತ ಬರೆದಿದೆ ಅಂದುಕೊಳ್ಳಿ. ಹರಳನ್ನು ಆ ಗ್ರೇಡಿಗೆ ಇಳಿಸಿದ್ದು ಕ್ಲೌಡೇ, ಅದೂ ಗುರುತು ಹಾಕಲು ಆಗದಷ್ಟು ಹರಡಿಕೊಂಡಿದೆ ಅನ್ನುವುದು ಇದರ ಅರ್ಥ. ಅಂಥ ಹರಳು ಕೆಲವೊಮ್ಮೆ ಉಸಿರು ತಾಗಿದ ಗಾಜಿನ ಹಾಗೆ ಮಬ್ಬಾಗಿರುತ್ತದೆ. ಎಲ್ಲವೂ ಹಾಗಿರುವುದಿಲ್ಲ, ಚೆನ್ನಾಗಿ ಹೊಳೆಯುವವೂ ಇವೆ. ಆದರೆ ಅದು ಕಾಗದದಿಂದ ತಿಳಿಯುವ ವಿಷಯವಲ್ಲ. ಅಂಗಡಿಯ ಸ್ಪಾಟ್‌ಲೈಟಿನ ಕೆಳಗೆ ಎಲ್ಲ ಹರಳೂ ಮಿಂಚುತ್ತವೆ. ಸಾದಾ ಬೆಳಕಿಗೆ ತಂದು, ಮೇಲಿನ ಗ್ರೇಡಿನ ಇನ್ನೊಂದು ಹರಳಿನ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇದಕ್ಕೆ ಹೋಲಿಸಿದರೆ, ನಕ್ಷೆಯಲ್ಲಿ ದೊಡ್ಡದಾಗಿ ಕಾಣುವ ಒಂದು ಕ್ರಿಸ್ಟಲ್ (ಒಳಗೆ ಸಿಕ್ಕಿಕೊಂಡ ಪುಟ್ಟ ಖನಿಜದ ಹರಳು) ಇರುವ, ಒಂದು ಮೆಟ್ಟಿಲು ಮೇಲಿನ ಎಸ್‌ಐ1 ಹರಳೇ ಎಷ್ಟೋ ವಾಸಿ. ಅದು ಅಂಚಿನಲ್ಲಿದ್ದರೆ ಉಂಗುರದ ಕೊಕ್ಕೆ ಅದನ್ನು ಮುಚ್ಚಿಯೂ ಬಿಡಬಹುದು.

ಹಾಗಾಗಿ 'ತೋರಿಸಿಲ್ಲ' ಅನ್ನುವ ಸಾಲನ್ನು ಗ್ರೇಡಿನ ಜೊತೆ ಸೇರಿಸಿ ಓದಬೇಕು. ಜಿಐಎ ಡಾಸಿಯರ್‌ನಂಥ ಚಿಕ್ಕ ರಿಪೋರ್ಟಿನಲ್ಲಿ ನಕ್ಷೆಯೇ ಇರುವುದಿಲ್ಲ, ಕುರುಹುಗಳ ಹೆಸರು ಮಾತ್ರ ಇರುತ್ತದೆ. ಅಲ್ಲಿ ಪಟ್ಟಿಯ ಮೊದಲ ಹೆಸರಿಗೆ ಜಾಸ್ತಿ ಗಮನ ಕೊಡಿ. ಗ್ರೇಡಿನ ಮೇಲೆ ಹೆಚ್ಚು ಪರಿಣಾಮ ಬೀರಿದ್ದನ್ನು ಸಾಮಾನ್ಯವಾಗಿ ಮೊದಲು ಬರೆಯುತ್ತಾರೆ.

ಇನ್ನು 'ಫೆದರ್'. ಅದು ಹರಳಿನೊಳಗಿನ ಬಿರುಕು. ಹೆಸರು ಕೇಳಿಯೇ ಹೆದರುವವರಿದ್ದಾರೆ. ಮೇಲಿನ ಗ್ರೇಡುಗಳಲ್ಲಿ ಸುಮ್ನೆ ಇರುವ ಪುಟ್ಟ ಫೆದರಿಗೆ ತಲೆಕೆಡಿಸಿಕೊಳ್ಳಬೇಡಿ. ಕೆಳಗಿನ ಗ್ರೇಡಿನಲ್ಲಿ ದೊಡ್ಡ ಫೆದರ್ ಗರ್ಡಲ್‌ವರೆಗೆ ಬಂದು ಮೇಲ್ಮೈ ತಲುಪಿದ್ದರೆ, ಅಥವಾ ಪ್ರಿನ್ಸೆಸ್ ಕಟ್ (ಚೌಕಾಕಾರದ) ಹರಳಿನ ಚೂಪು ಮೂಲೆಯಲ್ಲೇ ಇದ್ದರೆ ಮಾತ್ರ ಯೋಚಿಸಿ. ತೆಗೆದುಕೊಂಡಾಗಿದ್ದರೆ, ಉಂಗುರಕ್ಕೆ ಕೂರಿಸುವವರ ಕೈಗೆ ಹರಳಿನ ಜೊತೆ ಆ ನಕ್ಷೆಯನ್ನೂ ಕೊಡಿ. ಕೊಕ್ಕೆ ಒತ್ತುವಾಗ ಬಲ ಎಲ್ಲಿ ಬೀಳಬಾರದು ಅಂತ ಅವರಿಗೆ ಗೊತ್ತಾಗಲಿ.