ತೂಬು ತೆಗೆದವನಿಗೆ ನೀರು ನೋಡುವ ಹಕ್ಕಿಲ್ಲವೇ?

ನೂರಾ ಹನ್ನೆರಡು ಗಂಟೆ ನಲವತ್ತು ನಿಮಿಷ. ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡಾದ್ದರಿಂದ ಸರಿಯಾಗಿಯೇ ಹೇಳುತ್ತಿದ್ದೇನೆ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹಗಲೆಲ್ಲ ಭತ್ತದ ಚೀಲಗಳ ತೂಕ ಬರೆದು, ಮನೆಗೆ ಬಂದು ತೌಡಿನ ದೂಳು ತೊಳೆದುಕೊಂಡು, ಹೆಂಡತಿ ಮಕ್ಕಳು ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡ ಮೇಲೆ, ಕೆಳಗೆ ಕುದಿಯುವ ಕೋಣೆಯಲ್ಲಿ ಒಬ್ಬನೇ ಕುಳಿತು ಕಂಪ್ಯೂಟರಿನಲ್ಲಿ ಒಂದು ವಿಡಿಯೋ ಗೇಮ್ ಆಡಿದ ಗಂಟೆಗಳು ಅವು. ನಾಲ್ಕು ತಿಂಗಳು ಹಿಡಿಯಿತು. ಕರೆಂಟ್ ಹೋದರೆ ಆಟ ಹಾಳಾಗಬಾರದೆಂದು ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೂ ಆಯಿತು. ಅದನ್ನು ಮಕ್ಕಳ ಓದಿಗೆಂದು ಮನೆಯ ಖರ್ಚಿನಲ್ಲಿ ಬರೆದಿದ್ದೇನೆ.

ಕಳೆದ ಶನಿವಾರ ರಾತ್ರಿ ಒಂದೂ ಮುಕ್ಕಾಲಿಗೆ ಕೊನೆಯ ರಾಕ್ಷಸ ಬಿದ್ದ. ಸಂಗೀತ ಮೊಳಗಿತು. ಗೇಮ್ ಮಾಡಿದವರ ಹೆಸರುಗಳು ಹತ್ತು ನಿಮಿಷ ಮೇಲಕ್ಕೆ ಹರಿದವು. ಅದರಲ್ಲಿ ಲೆಕ್ಕಪತ್ರ ವಿಭಾಗದವರ ಹೆಸರೂ ಇತ್ತು, ನಮ್ಮ ಕಸುಬಿನವರೆಂದು ಗೌರವದಿಂದ ಓದಿದೆ. ಪರದೆ ಕಪ್ಪಾಯಿತು. ಆಮೇಲೆ ನನ್ನೆದುರು ಬಂದದ್ದು ಮೊದಲ ದಿನ ಕಂಡಿದ್ದ ಅದೇ ಮೆನು. 'ಮುಂದುವರಿಸಿ' ಎಂಬುದನ್ನು ಒತ್ತಿದೆ. ಎಲ್ಲಿಗೆ ತಂದು ನಿಲ್ಲಿಸಿತು ಗೊತ್ತೇ? ರಾಕ್ಷಸನ ಕೋಟೆಯ ಬಾಗಿಲಿಗೆ! ಆಕಾಶ ಇನ್ನೂ ಕೆಂಪು. ಬಾಗಿಲಲ್ಲಿ ನಿಂತ ಸಿಪಾಯಿ ಗಂಭೀರವಾಗಿ, "ಈ ರಾತ್ರಿ ಎಲ್ಲವೂ ತೀರ್ಮಾನವಾಗಲಿದೆ" ಎನ್ನುತ್ತಾನೆ. ತೀರ್ಮಾನ ಆಗಿ ಹದಿನೈದು ನಿಮಿಷವಾಯಿತಲ್ಲಪ್ಪ, ನಾನೇ ಮಾಡಿ ಬಂದೆನಲ್ಲ!

ಗೇಮಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದರ ಭಕ್ತರು ಬಂದು ಜಗಳಕ್ಕೆ ನಿಲ್ಲುತ್ತಾರೆ, ನನಗೆ ಬೆಳಗ್ಗೆ ಏಳಕ್ಕೆ ಲಾರಿಗಳಿವೆ.

ರಾಕ್ಷಸ ಸತ್ತನೋ ಬದುಕಿದನೋ, ಅವನ ಚಿಂತೆ ನನಗೆ ಅಷ್ಟಿಲ್ಲ. ನನ್ನ ಹೊಟ್ಟೆ ಉರಿಯುವುದು ಆ ಗೇಮಿನ ಒಂದು ಹಳ್ಳಿಯ ವಿಚಾರಕ್ಕೆ. ಕಾಲುವೆಯ ಕೊಟ್ಟಕೊನೆಯಲ್ಲಿ ಆ ಹಳ್ಳಿಯಿದೆ. ಮೇಲಿನವರು ನೀರು ಕಟ್ಟಿಹಾಕಿದ್ದಾರೆ, ಗದ್ದೆಗಳು ಬಿರುಕು ಬಿಟ್ಟಿವೆ. ಒಬ್ಬ ಮುದುಕಿ ದಂಡೆಯ ಮೇಲೆ ಕುಳಿತು, ದಾರಿಯಲ್ಲಿ ಹೋಗುವವರನ್ನೆಲ್ಲ "ಮೇಲೆ ನೀರು ಕಂಡಿರಾ?" ಎಂದು ಕೇಳುತ್ತಾಳೆ. ಇದು ಮುಖ್ಯ ಕಥೆಯೂ ಅಲ್ಲ. ಬೇಕಾದರೆ ಮಾಡು, ಬಿಟ್ಟರೆ ಬಿಡು ಎಂಬಂಥ ಪುಟ್ಟ ಸೈಡ್ ಕ್ವೆಸ್ಟ್. ಬುದ್ಧಿವಂತರು ಬಿಟ್ಟು ಮುಂದೆ ಹೋಗುತ್ತಾರೆ. ನಾನು ಆರು ರಾತ್ರಿ ಅದಕ್ಕೇ ಸುರಿದೆ. ಮೇಲಿನ ಊರಿನ ಗೌಡನ ಕಾಲು ಹಿಡಿದೆ, ಅವನ ಆಳುಗಳ ಜೊತೆ ಬಡಿದಾಡಿದೆ, ಕೊನೆಗೆ ತೂಬಿನ ಚಕ್ರ ತಿರುಗಿಸಿದೆ. ನೀರು ಬಿತ್ತು. ಮುದುಕಿ, "ಕೋಟೆಯವನ ಕಾಟ ತೀರಲಿ ಮಗನೇ, ಆಮೇಲೆ ನಾಟಿ ಮಾಡೋಣ" ಎಂದಳು.

ಆಮೇಲೆ! ಆ 'ಆಮೇಲೆ' ಎಂಬುದನ್ನು ಗೇಮ್ ಮಾಡಿದವರು ಮಾಡಿಯೇ ಇಲ್ಲ.

ನಮ್ಮ ಮೂಲ ಊರು ಮಾನ್ವಿ ತಾಲ್ಲೂಕಿನಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಬರುವಷ್ಟರಲ್ಲಿ ನಮ್ಮಂಥ ಕೊನೆ ಭಾಗದವರಿಗೆ ಏನು ಉಳಿದಿರುತ್ತದೆ ಎಂಬುದನ್ನು ರಾಯಚೂರು ಜಿಲ್ಲೆಯ ಯಾರನ್ನಾದರೂ ಕೇಳಿ. ನಮ್ಮ ಅಪ್ಪ ಬ್ಯಾಟರಿ ಹಿಡಿದು ರಾತ್ರಿಯೆಲ್ಲ ತೂಬು ಕಾಯುತ್ತಿದ್ದರು. ನಾನು ಹುಡುಗ, ಗೋಣಿಚೀಲ ಹೊದ್ದುಕೊಂಡು ಪಕ್ಕದಲ್ಲಿ ತೂಕಡಿಸುತ್ತಿದ್ದೆ. ಮೊದಲು ಒಣ ಮಣ್ಣು ಚಿರ್ ಎಂದು ನೀರು ಹೀರುವ ಸದ್ದು, ಆಮೇಲೆ ಕಪ್ಪೆಗಳು, ಆಮೇಲೆ ಅಪ್ಪ ಬೀಡಿ ಹಚ್ಚುವ ಕಡ್ಡಿಯ ಬೆಳಕು. ನೀರು ಬಂದ ರಾತ್ರಿ ಅಪ್ಪ ಮನೆಗೆ ಹೋಗುತ್ತಿರಲಿಲ್ಲ. ಕೆಲಸ ಮುಗಿದಿರುತ್ತಿತ್ತು, ಆದರೂ ಬದುವಿನ ಮೇಲೆ ಕುಳಿತು ನೀರು ನೋಡುತ್ತಿದ್ದರು. ಅಂಥವರ ಮಗನಿಗೆ ತೂಬು ತೆಗೆಯಲು ಹೇಳಿ, ನೀರು ಗದ್ದೆಗೆ ಮುಟ್ಟುವ ಮೊದಲೇ ಕತ್ತು ಹಿಡಿದು ಹೊರಗೆ ದಬ್ಬಿದರೆ ಸಿಟ್ಟು ಬರುವುದಿಲ್ಲವೇ?

2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಈ ಕಡೆ ಯಾರಿಗೂ ನಿದ್ದೆಯಿರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂರಿಸಿದರು. ಅಲ್ಲಿಗೆ ಕಥೆ ಮುಗಿಯಿತೆಂದು ಯಾರಾದರೂ ಎದ್ದು ಹೋದರೇ? ಎಷ್ಟು ನೀರು ಉಳಿಯಿತು, ಎರಡನೆಯ ಬೆಳೆಗೆ ಸಿಕ್ಕೀತೇ ಎಂಬ ಮಾತು ನಮ್ಮ ಗಿರಣಿಯ ವೇಬ್ರಿಡ್ಜ್ ಬಳಿ ಶುರುವಾದದ್ದೇ ಆಗ.

ಗೆದ್ದವನನ್ನು ಹೊರಗೆ ದಬ್ಬುವ ಗೇಮುಗಳ ಈ ಚಾಳಿ ಹೊಸದೂ ಅಲ್ಲ. 2008ರಲ್ಲಿ ಬಂದ ಫಾಲ್‌ಔಟ್ 3 ಎಂಬ ಗೇಮಿನ ಕಥೆಯೂ ನೀರಿನದೇ. ಅಣುಯುದ್ಧದಲ್ಲಿ ಹಾಳಾದ ವಾಷಿಂಗ್ಟನ್, ವಿಕಿರಣ ಬೆರೆತ ನೀರು, ಅದನ್ನು ಶುದ್ಧ ಮಾಡುವ ಯಂತ್ರಕ್ಕಾಗಿ ನಾಯಕನ ತಂದೆ ಪ್ರಾಣ ಬಿಡುತ್ತಾನೆ. ಮಗನೋ ಮಗಳೋ ಆಗಿ ನೀವು ಆ ಯಂತ್ರವನ್ನು ಚಾಲೂ ಮಾಡಿದಿರೋ, ಆಟ ಅಲ್ಲಿಗೇ ಮುಗಿಯಿತು. ಒಬ್ಬನೇ ಒಬ್ಬ ಬಾಯಾರಿದವನು ಒಂದು ಗುಟುಕು ಕುಡಿಯುವುದನ್ನು ನೀವು ನೋಡುವಂತಿಲ್ಲ. ಯಂತ್ರವಿರುವ ಕೋಣೆಯಲ್ಲಿ ವಿಕಿರಣ ತುಂಬಿದೆ, ಹೋದವರು ಉಳಿಯುವುದಿಲ್ಲ. ನಿಮ್ಮ ಜೊತೆಯಲ್ಲಿ ಫಾಕ್ಸ್ ಎಂಬ ದೈತ್ಯನಿದ್ದರೆ ಅವನಿಗೆ ವಿಕಿರಣ ತಾಗುವುದೇ ಇಲ್ಲ. ಸ್ವಲ್ಪ ಒಳಗೆ ಹೋಗಿ ಗುಂಡಿ ಒತ್ತಿ ಬಾರಪ್ಪ ಎಂದರೆ, ಇದು ನಿನ್ನ ಹಣೆಯಲ್ಲಿ ಬರೆದದ್ದು ಎಂಬ ಧಾಟಿಯಲ್ಲಿ ಜಾರಿಕೊಳ್ಳುತ್ತಾನೆ! ನಮ್ಮ ಗಿರಣಿಯಲ್ಲಿಯೂ ಹಾಗೆ ಮಾತಾಡುವ ಒಬ್ಬ ಮೇಲ್ವಿಚಾರಕನಿದ್ದಾನೆ, ಇರಲಿ. ಜನ ಬೈದರು. 2009ರಲ್ಲಿ ಬ್ರೋಕನ್ ಸ್ಟೀಲ್ ಎಂಬ ಹೆಚ್ಚುವರಿ ಭಾಗ ಬಂತು. ನಾಯಕ ಎರಡು ವಾರದ ನಂತರ ಕಣ್ಣು ಬಿಡುತ್ತಾನೆ, ಅವನು ಬಲಿಯುತ್ತ ಏರಬಹುದಾದ ಮೆಟ್ಟಿಲುಗಳ, ಎಂದರೆ ಲೆವೆಲ್‌ಗಳ ಮಿತಿ 20ರಿಂದ 30ಕ್ಕೆ ಏರುತ್ತದೆ, ಶುದ್ಧ ನೀರು ಊರೂರಿಗೆ ಹೊರಟಿರುತ್ತದೆ. ಎಲ್ಲ ಸರಿ, ಆದರೆ ಬೇರೆ ದುಡ್ಡು ಕೊಡಬೇಕಿತ್ತು. ಬಾವಿ ತೋಡಿದವನಿಗೇ ನೀರು ಮಾರುವುದು ಎಂದರೆ ಇದೇ.

ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ಭಾನುವಾರ ಬಂದಿದ್ದ. ನನ್ನ ಗೋಳು ಕೇಳಿ ನಕ್ಕ. "ಮಾಮಾ, ಕಥೆ ಎಂದ ಮೇಲೆ ಮುಗಿಯಲೇಬೇಕು. ಗೆದ್ದ ಮೇಲೂ ಊರೂರು ಅಲೆಯುತ್ತಿದ್ದರೆ ಗೆದ್ದದ್ದಕ್ಕೆ ಏನು ಬೆಲೆ? ನಾಟಕ ಮುಗಿದ ಮೇಲೆ ರಂಗದ ಮೇಲೆ ಹತ್ತಿ ಓಡಾಡುತ್ತೀಯಾ?"

ಓಡಾಡುತ್ತೇನೆ! ಓಡಾಡಿದ್ದೇನೆ! ಸಿರುಗುಪ್ಪ ಕಡೆಯ ನನ್ನ ತಾಯಿಯ ತವರಿನಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟ ಕಟ್ಟುತ್ತಿದ್ದರು. ರಾತ್ರಿಯೆಲ್ಲ ಕುಣಿತ, ಬೆಳಕು ಹರಿಯುವಾಗ ಮಂಗಳ. ಮಂಗಳವಾದ ಮೇಲೆ ದುರ್ಯೋಧನ ಭುಜಕೀರ್ತಿ ಬಿಚ್ಚದೆ ಚಹಾದ ಅಂಗಡಿಗೆ ಬರುತ್ತಿದ್ದ. ಅರ್ಧ ಒರೆಸಿದ ಬಣ್ಣ, ಕೈಯಲ್ಲಿ ಮಿರ್ಚಿ. ಮುರಿದ ತೊಡೆಯ ಮೇಲೆ ನಮ್ಮಂಥ ಹುಡುಗರನ್ನು ಕೂರಿಸಿಕೊಳ್ಳುತ್ತಿದ್ದ. ರಾತ್ರಿಯೆಲ್ಲ ನಗಿಸಿದ ಸಾರಥಿ ಪಕ್ಕದಲ್ಲಿ ಕುಳಿತು ಬಾಕಿ ಸಂಭಾವನೆಯ ಲೆಕ್ಕ ಹಾಕುತ್ತಿದ್ದ. ಮುಂದಿನ ಬಯಲಾಟದವರೆಗೂ ಊರಿನವರು ಆ ಮನುಷ್ಯನನ್ನು ದುರ್ಯೋಧನ ಎಂದೇ ಕರೆದರು. ಅಳಿಯ ಮಹಾಶಯ, ಮಂಗಳ ಹಾಡಿದ ಮೇಲೆ ಪ್ರೇಕ್ಷಕನನ್ನು ಎಳೆದುಕೊಂಡು ಹೋಗಿ ಗದಾಯುದ್ಧದ ಮುಂಚಿನ ದೃಶ್ಯದಲ್ಲಿ ಕೂರಿಸಿ, "ಇನ್ನೇನು ಯುದ್ಧ ಶುರುವಾಗುತ್ತದೆ" ಎನ್ನುವ ಬಯಲಾಟ ಯಾವ ಊರಿನಲ್ಲಿದೆ ತೋರಿಸು!

ಹಾಗೆ ನೋಡಿದರೆ ಮಹಾಭಾರತವೇ ನನ್ನ ಪಕ್ಷದಲ್ಲಿದೆ. ವ್ಯಾಸಭಾರತದ ಪರ್ವಗಳು ಹದಿನೆಂಟು. ದುರ್ಯೋಧನ ತೊಡೆ ಮುರಿದು ಬೀಳುವುದು ಒಂಬತ್ತನೆಯದಾದ ಶಲ್ಯಪರ್ವದಲ್ಲಿ. ಎಂದರೆ ಕೊನೆಯ ಬಾಸ್ ಬಿದ್ದ ಮೇಲೂ ಒಂಬತ್ತು ಪರ್ವಗಳಿವೆ. ಹೆಣಗಳ ಲೆಕ್ಕ, ಹೆಂಗಸರ ಗೋಳು, ಭೀಷ್ಮನ ಉಪದೇಶ, ಅಶ್ವಮೇಧ, ಎಲ್ಲರೂ ಒಬ್ಬೊಬ್ಬರಾಗಿ ಸಾಯುವುದು. ಕುಮಾರವ್ಯಾಸ ಕನ್ನಡದಲ್ಲಿ ಹೇಳಿದ್ದು ಹತ್ತು ಪರ್ವಗಳನ್ನು, ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಎಂಟನ್ನು ಬರೆಯಲು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರಬೇಕಾಯಿತು. ಇಲ್ಲೇ, ಹೊಳೆಯ ಆಚೆ ದಡದ ಹಂಪಿಯಿಂದ ಆಳಿದ ರಾಯ. ಕುಮಾರವ್ಯಾಸನಷ್ಟು ದೊಡ್ಡ ಕವಿ ನಿಲ್ಲಿಸಿದ ಕಥೆಗೂ ಮುಂದೇನಾಯಿತು ಎಂದು ಕೇಳುವವರು ಇದ್ದರು ಎಂದಾಯಿತಲ್ಲ. ನಾನು ಕೇಳಿದರೆ ಮಾತ್ರ ಹುಚ್ಚ.

ಮಾಡುವವರ ಕಷ್ಟ ನನಗೆ ತಿಳಿಯದೆ ಇಲ್ಲ. ಕಥೆಗೆ ನಾಲ್ಕು ಅಂತ್ಯಗಳಿವೆ, ಊರುಗಳು ಆರು ಎಂದಿಟ್ಟುಕೊಳ್ಳಿ. ಪ್ರತಿಯೊಂದು ಊರನ್ನೂ ನಾಲ್ಕು ಬಗೆಯಲ್ಲಿ ಕಟ್ಟಬೇಕು, ಇಪ್ಪತ್ತನಾಲ್ಕಾಯಿತು. ಊರಿಗೆ ಮೂವತ್ತು ಜನರಿದ್ದರೆ ಅವರ ಬಾಯಲ್ಲಿ ಹೊಸ ಮಾತು ಹಾಕಬೇಕು, ಧ್ವನಿ ಕೊಡುವವರನ್ನು ಮತ್ತೆ ಕರೆಸಬೇಕು, ಎಲ್ಲಿ ಏನು ಕೆಟ್ಟಿತೆಂದು ಮತ್ತೆ ಪರೀಕ್ಷಿಸಬೇಕು. ಖರ್ಚಿನ ಬಾಬತ್ತು, ಒಪ್ಪುತ್ತೇನೆ. ಆಗದಿದ್ದರೆ ಮರ್ಯಾದೆಯಾಗಿ ಮುಗಿಸಿ. 2010ರ ಫಾಲ್‌ಔಟ್: ನ್ಯೂ ವೇಗಸ್ ಕೊನೆಯ ಯುದ್ಧಕ್ಕೆ ಮೊದಲೇ, ಇಲ್ಲಿಂದ ಮುಂದೆ ಹಿಂದಿರುಗುವಂತಿಲ್ಲ ಎಂದು ಎಚ್ಚರಿಸುತ್ತದೆ, ಮುಗಿದ ಮೇಲೆ ಯಾವ ಊರು ಏನಾಯಿತು, ಯಾವ ಗೆಳೆಯ ಎಲ್ಲಿ ಹೋದ ಎಂದು ಚಿತ್ರ ತೋರಿಸಿ ಒಂದೊಂದಾಗಿ ಲೆಕ್ಕ ಒಪ್ಪಿಸುತ್ತದೆ. ಬಾಗಿಲು ಹಾಕಿಕೊಂಡರೂ ಚಾವಡಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟು ಕಳಿಸಿದ ಹಾಗೆ. ಬಾಲ್ಡರ್ಸ್ ಗೇಟ್ 3 ಬಂದದ್ದು 2023ರ ಆಗಸ್ಟ್‌ನಲ್ಲಿ. ಮುಕ್ತಾಯ ಸಾಲದೆಂದು ಜನ ಗೊಣಗಿದರು. ಅದೇ ನವೆಂಬರ್‌ನಲ್ಲಿ, ಆರು ತಿಂಗಳ ನಂತರ ಗೆಳೆಯರೆಲ್ಲ ಸೇರುವ ಒಂದು ರಾತ್ರಿಯನ್ನು ಪುಕ್ಕಟೆಯಾಗಿ ಸೇರಿಸಿದರು. ಎಲ್ಡನ್ ರಿಂಗ್ ಎಂಬ ಗೇಮ್ ಅಂತೂ ಮುಗಿದ ಮೇಲೆ ನೇರವಾಗಿ ಕೇಳುತ್ತದೆ: ಮೊದಲಿನಿಂದ ಹೊಸ ಪಯಣ ಈಗಲೇ ಶುರು ಮಾಡುವೆಯಾ, ಇಲ್ಲೇ ಇರುವೆಯಾ? ಕೇಳುವುದಕ್ಕೆ ಎಷ್ಟು ಖರ್ಚಾಗುತ್ತದೆ?

ಗೆದ್ದ ಮೇಲೂ ಆಡಲು ಬಿಡುವ ಸ್ಕೈರಿಮ್ ಎಂಬ ಗೇಮ್ ಇದೆಯಲ್ಲ ಎನ್ನುತ್ತೀರಿ. ಹೌದು, 2011ರಿಂದ ಅದು ಮುಗಿದದ್ದೇ ಇಲ್ಲ. ಲೋಕ ನುಂಗಲು ಬಂದ ಅಲ್ಡುಯಿನ್‌ನನ್ನು ಕೊಂದ ಮೇಲೂ ತಿರುಗಾಡಬಹುದು. ಆದರೆ ಊರಿಗೆ ಬಂದರೆ ಕಾವಲುಗಾರ ತನ್ನ ಮೊಣಕಾಲಿಗೆ ಬಾಣ ಬಿದ್ದ ಹಳೆಯ ಕಥೆಯನ್ನೇ ಹೇಳುತ್ತಾನೆ. ಲೋಕ ಉಳಿಸಿದವನೇ, ಬಾ, ಒಂದು ಲೋಟ ಚಹಾ ಕುಡಿ ಎನ್ನುವ ಸೌಜನ್ಯ ಬೇಡವೇ? ಆದರೂ ಅದು ವಾಸಿ. ಮನೆಯಿದೆ, ಕಪಾಟಿನಲ್ಲಿ ಕತ್ತಿ ನೇತುಹಾಕಬಹುದು.

ನನ್ನದು ಈ ಯಾವುದೂ ಅಲ್ಲ. ಮುಗಿಸಿಯೂ ಮುಗಿಸದೆ, ಗೆದ್ದದ್ದನ್ನೇ ಅಳಿಸಿ ಹಿಂದಕ್ಕೆ ತಳ್ಳುವ ಜಾತಿ. ಸೈಬರ್‌ಪಂಕ್ 2077 ಎಂಬ ಗೇಮ್ ಹೀಗೇ ಮಾಡುತ್ತದೆ. ಬ್ರೆತ್ ಆಫ್ ದ ವೈಲ್ಡ್ ಕೂಡ ಗ್ಯಾನನ್ ಎಂಬ ಕೊನೆಯ ವೈರಿಯನ್ನು ಕೊಂದ ಮೇಲೆ ಕಾಳಗದ ಮುಂಚಿನ ಗಳಿಗೆಗೇ ಕಳಿಸಿ, ನಾವು ಉಳಿಸಿಟ್ಟ ಆಟದ ಮೇಲೆ ಒಂದು ನಕ್ಷತ್ರ ಅಂಟಿಸುತ್ತದೆ. ಒಂದನೆಯ ತರಗತಿಯಲ್ಲಿ ನಮ್ಮ ಮೇಡಂ ಪಾಟಿಯ ಮೇಲೆ ಬರೆಯುತ್ತಿದ್ದರಲ್ಲ, ಅಂಥದ್ದು. ಚಕ್ರಬಡ್ಡಿಯವನ ಸಾಲ ನೆನಪಾಗುತ್ತದೆ ನನಗೆ. ತೀರಿಸಿ ರಸೀದಿ ಹಿಡಿದು ಹೊರಗೆ ಬಂದರೆ, ಪುಸ್ತಕದಲ್ಲಿ ಅಸಲು ಹಾಗೆಯೇ ನಿಂತಿರುತ್ತದೆ.

ಹೆಂಡತಿ ಎರಡು ದಿನ ನನ್ನ ಮುಖ ನೋಡಿ, "ಮುಗಿಯಿತು ಎಂದಿರಲ್ಲ, ಮತ್ತೆ ಯಾಕೆ ಕುಳಿತಿದ್ದೀರಿ?" ಎಂದು ಕೇಳಿದಳು. ಮುದುಕಿಯ ನಾಟಿಯ ವಿಚಾರ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ನಿಮ್ಮ ಅಣ್ಣ ಮೊನ್ನೆ ಫೋನ್ ಮಾಡಿದ್ದರು, ಊರಿನ ಹೊಲದ ವಿಚಾರ ಮಾತಾಡಬೇಕಂತೆ, ಅದಕ್ಕೆ ಯಾವಾಗ ಕೂರುತ್ತೀರಿ?" ಎಂದಳು. ಅದು ಬೇರೆ ವಿಷಯ.

ನಿನ್ನೆ ರಾತ್ರಿ ಕೋಟೆಯ ಬಾಗಿಲಿನಿಂದ ಹಿಂದಕ್ಕೆ ತಿರುಗಿ ಆ ಹಳ್ಳಿಗೇ ನಡೆದುಕೊಂಡು ಹೋದೆ. ಕುದುರೆಯನ್ನೂ ಹತ್ತಲಿಲ್ಲ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದೆ. ಹತ್ತು ಹೆಜ್ಜೆ ಆಚೆ ಗದ್ದೆ ಬಿರುಕು ಬಿಟ್ಟು ಹಾಗೆಯೇ ಬಿದ್ದಿದೆ. ಮುದುಕಿ ದಂಡೆಯ ಮೇಲೆ ಕುಳಿತಿದ್ದಳು. ಹತ್ತಿರ ಹೋಗಿ ಗುಂಡಿ ಒತ್ತಿದೆ. "ಕೋಟೆಯವನ ಕಾಟ ತೀರಲಿ ಮಗನೇ" ಎಂದಳು. ಮತ್ತೆ ಒತ್ತಿದೆ. ಅದೇ ಹೇಳಿದಳು. ಮೂರನೆಯ ಸಲ ಒತ್ತುವಷ್ಟರಲ್ಲಿ ಕರೆಂಟ್ ಹೋಯಿತು.