ಉಸಿರು ಹಿಡಿಯಬ್ಯಾಡ್ರಿ

ಗದಗ ಕಡೆಯ ನಮ್ಮೂರ ಹೊಲದ ಬಾವಿಯಲ್ಲಿ ಕಾಕಾ ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ದಂಡೆಯಿಂದ ನೂಕಿದ್ದರು. "ಉಸಿರು ಬಿಗಿ ಹಿಡಿ, ಕೈ ಬಡಿ" ಅಂದಿದ್ದರು. ಮೂವತ್ತು ವರ್ಷದ ಮೇಲೆ ಅಂಡಮಾನಿನಲ್ಲಿ ಸ್ಕೂಬಾ ಡೈವಿಂಗ್ ಕಲಿಯಲು ಗಾಳಿ ತುಂಬಿದ ಸಿಲಿಂಡರ್ ಹೊತ್ತು ಸಮುದ್ರಕ್ಕಿಳಿದಾಗ ಮೊದಲು ಮರೆಯಬೇಕಾದದ್ದು ಆ ಪಾಠವನ್ನೇ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಎದೆ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿ ಹಿಗ್ಗುತ್ತದೆ. ಬಾಯಿ ಬಿಗಿದುಕೊಂಡು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶ ಹರಿದೀತು.

ಹವಳದ ಗೋಡೆ ನಿಜಕ್ಕೂ ಗೋಡೆಯೇ ನೋಡ್ರಿ. ನಮ್ಮ ಬಾವಿಯ ಕಲ್ಲುಕಟ್ಟಡದ ಹಾಗೆ ನೆಟ್ಟಗೆ ಇಳಿಯುತ್ತದೆ. ಆದರೆ ತಳ ಕಾಣುವುದಿಲ್ಲ, ಎದುರು ದಂಡೆಯೂ ಇಲ್ಲ. ಕಾಲ ಕೆಳಗೆ ಬರೀ ನೀಲಿ. ಬೂದಿ ಬಣ್ಣದ ಬೀಸಣಿಕೆ ಹವಳವೊಂದಕ್ಕೆ ಟಾರ್ಚ್ ಹಾಕಿದೆ, ಕುಂಕುಮದಂಥ ಕೆಂಪು! ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನೇ. ಗೋಡೆಯ ಮಗ್ಗುಲಲ್ಲಿ, 17 ಮೀಟರಿನ ಮರಳು ದಿಬ್ಬದ ಮೇಲೆ, ಮುಳುಗಿದ ಸಣ್ಣ ಮೀನುದೋಣಿ. ಅದರ ಕಿಟಕಿಯ ಅಂಚು ಹಿಡಿಯಲು ಕೈ ಚಾಚಿದ್ದೆ, ಗುರುಗಳು ಮಣಿಕಟ್ಟು ಹಿಡಿದು ನಿಲ್ಲಿಸಿದರು. ಒಳಗಡೆ ತಲೆಕೆಳಗಾಗಿ ಲಯನ್‌ಫಿಶ್ ತೇಲುತ್ತಿತ್ತು, ಬೆನ್ನಿನ ಮುಳ್ಳೆಲ್ಲ ವಿಷ.

ಆ ದಿನ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಇನ್ನೊಂದು ತಂಡದವರನ್ನು ಕಾಲು ತಾಸಿನ ತರಬೇತಿ ಕೊಟ್ಟು ಇಳಿಸಿದ್ದರು. ಅವರು ಎಮ್ಮೆ ಗಾತ್ರದ ಗುಂಡುಹವಳದ ಮೇಲೆ ಮಂಡಿಯೂರಿ ಫೋಟೋ ತೆಗೆಸಿಕೊಂಡರು. ಅಂಥ ಹವಳ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅದು ನಮ್ಮಜ್ಜ ಹುಟ್ಟುವ ಮೊದಲಿನದು! ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪರಿಶಿಷ್ಟದಲ್ಲೇ ಹವಳವೂ ಇದೆ. ಹುಲಿಯ ಬೆನ್ನ ಮೇಲೆ ಹೀಗೆ ಮಂಡಿಯೂರುತ್ತಾರೇನು? ಆ ಪ್ರವಾಸಿಗರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ತೇಲುವುದನ್ನೇ ಯಾರೂ ಕಲಿಸಿರಲಿಲ್ಲ. ಕಲಿಸದೆ ಇಳಿಸಿದವರದೇ ತಪ್ಪು.

ಹುಬ್ಬಳ್ಳಿಯ ಗೆಳೆಯರು ಪದೇ ಪದೇ ಕೇಳುತ್ತಾರೆ, "ಮುರ್ಡೇಶ್ವರಕ್ಕೆ ನಾಲ್ಕೈದು ತಾಸು, ಅಲ್ಲಿಂದ ನೇತ್ರಾಣಿ ದ್ವೀಪಕ್ಕ ಹೋಗಿ ಒಂದ್ಸಲ ನೀರಿಗೆ ಇಳಿದು ಬರೋಣೇನು?" ಹೋಗೋಣ, ಆದರೆ ಮೊದಲು ಈಜುಕೊಳಕ್ಕೆ ಬರ್ರಿ. ನೀರಿನ ನಡುವೆ ಏನನ್ನೂ ಮುಟ್ಟದೆ, ಕಾಲೂರದೆ ನಿಲ್ಲುವುದನ್ನು ಕಲಿಯಿರಿ. ಉಸಿರು ಎಳೆದುಕೊಂಡರೆ ಒಂದು ಗೇಣು ಏಳುತ್ತೀರಿ, ಬಿಟ್ಟರೆ ಒಂದು ಗೇಣು ಇಳಿಯುತ್ತೀರಿ. ಬಾವಿಯಲ್ಲಿ ಬೆನ್ನಿಗಿದ್ದ ಸೋರೆಬುರುಡೆ ಇಲ್ಲಿ ನಿಮ್ಮ ಎದೆಯೊಳಗಿರುತ್ತದೆ. ಇದು ಕೈವಶವಾದರೆ ಹವಳಕ್ಕೂ ಪೆಟ್ಟಿಲ್ಲ, ತಳವಿಲ್ಲದ ಗೋಡೆಯ ಪಕ್ಕ ನಿಮಗೂ ಅಪಾಯ ಕಡಿಮೆ.

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಕಲಿಯಲು ಇದೇ ಹೊತ್ತು. ಭಾನುವಾರ ಮುಂಜಾನೆ ಈಜುಕೊಳದಲ್ಲಿ ನಾನಿರ್ತೀನಿ, ಬರೋರು ಕೆಳಗೆ ಹೆಸರು ಬರೀರಿ.